ಕಲಿಸುವವರ ಕಲಿಕೆ

ಮಗು ಕಲಿಯದಿದ್ದರೆ ನಾವು ಮೊದಲು ನೋಡುವುದು ಮಗುವಿನ ಮುಖವನ್ನು. 'ಇವನ ತಲೆಗೆ ಹತ್ತುವುದಿಲ್ಲ' ಎಂದೋ, 'ಇವಳಿಗೆ ಗಮನವಿಲ್ಲ' ಎಂದೋ ತೀರ್ಮಾನಿಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಕಲಿಸುವವನ ಕಡೆಗೆ ಬೆರಳು ತಿರುಗುವುದು ಅಪರೂಪ. ಆದರೆ ಶಿಕ್ಷಣದ ಇತಿಹಾಸದಲ್ಲಿ ಒಂದು ಅಧ್ಯಾಯವುಂಟು. ಅಲ್ಲಿ ಆ ಬೆರಳು ಮೆಲ್ಲಮೆಲ್ಲನೆ, ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ, ಮಗುವಿನಿಂದ ಗುರುವಿನ ಕಡೆಗೆ ತಿರುಗಿತು. ಆಟಿಸಂ ಇರುವ ಮಕ್ಕಳಿಗೆ ಕಲಿಸುವವರನ್ನು ತಯಾರು ಮಾಡಿದ ಕಥೆಯೇ ಆ ಅಧ್ಯಾಯ.

ವಾಚಕರೇ, ಈ ಕಥೆಯನ್ನು ನಾನು ಓದತೊಡಗಿದ್ದು ಪಾಂಡಿತ್ಯದ ಹಂಬಲದಿಂದಲ್ಲ, ಒಂದು ತಪ್ಪಿನ ನೆನಪಿನಿಂದ. ನಾನು ಕನ್ನಡ ಪಂಡಿತನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಷಟ್ಪದಿಯ ಪದ್ಯವೊಂದನ್ನು ಹಲಗೆಯ ಮೇಲೆ ಬರೆದು ಪ್ರಸ್ತಾರ ಹಾಕು ಎಂದರೆ, ಲಘು ಗುರುಗಳ ಗುರುತನ್ನು ಒಂದೂ ತಪ್ಪದೆ ಹಾಕಿ ಗಣ ವಿಂಗಡಿಸಿ ಕುಳಿತುಬಿಡುತ್ತಿದ್ದ. ಆದರೆ 'ನಿನ್ನ ಹೆಸರೇನು?' ಎಂದು ಕೇಳಿದರೆ, ನನ್ನದೇ ದನಿಯ ಏರಿಳಿತದಲ್ಲಿ 'ನಿನ್ನ ಹೆಸರೇನು?' ಎಂದು ಮರುನುಡಿಯುತ್ತಿದ್ದ. ತರಗತಿ ನಗುತ್ತಿತ್ತು. ಅಣಕಿಸುತ್ತಾನೆಂದು ಬಗೆದು ನಾನು ಅವನನ್ನು ಹೊರಗೆ ನಿಲ್ಲಿಸಿದೆ; ಒಂದು ದಿನವಲ್ಲ, ಹಲವು ದಿನ. ಕೆಲವು ತಿಂಗಳ ಮೇಲೆ ಅವನು ಶಾಲೆಗೆ ಬರುವುದು ನಿಂತಿತು. ಹಾಜರಿ ಪುಸ್ತಕದಲ್ಲಿ ಹೆಸರಿಗೆ ಕೆಂಪು ಗೀಟು ಬಿದ್ದಿತು. ಏಕೆಂದು ನಾನೂ ಕೇಳಲಿಲ್ಲ.

ಆ ಮಾತು ಇರಲಿ. ಕಥೆಯ ಮೊದಲಿಗೆ ಹೋಗೋಣ.

1800ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಅವೇರಾನ್ ಪ್ರಾಂತದ ಕಾಡಂಚಿನಲ್ಲಿ ಹನ್ನೆರಡರ ಆಸುಪಾಸಿನ ಒಬ್ಬ ಹುಡುಗ ಸಿಕ್ಕಿದನು. ಅವನಿಗೆ ಮಾತಿಲ್ಲ, ಉಡುಪಿನ ಪರಿವೆಯಿಲ್ಲ. ಅದೇ ವರ್ಷ ಅವನನ್ನು ಪ್ಯಾರಿಸ್ ನಗರದ ಕಿವುಡ ಮೂಕರ ಶಾಲೆಗೆ ಕರೆತಂದರು. ಆ ಕಾಲದ ಹೆಸರಾಂತ ವೈದ್ಯ ಪಿನೆಲ್, ಈತ ಬುದ್ಧಿಹೀನ, ಇದಕ್ಕೆ ಮದ್ದಿಲ್ಲ ಎಂದು ಕೈಬಿಟ್ಟರು. ಇಟಾರ್ ಎಂಬ ತರುಣ ವೈದ್ಯ ಮಾತ್ರ ಕೈಬಿಡಲಿಲ್ಲ. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು, ಸುಮಾರು ಐದು ವರ್ಷ ದಿನದಿನವೂ ಕುಳಿತು ಕಲಿಸಿದರು. ಲೋಹದ ಅಕ್ಷರಗಳನ್ನು ಜೋಡಿಸಿ ಹಾಲು ಎಂಬ ಪದವನ್ನು ಕೇಳುವಷ್ಟಕ್ಕೆ ವಿಕ್ಟರ್ ಬಂದನು. ಒಮ್ಮೆ ಹಾಲು ಸಿಗುವ ಮನೆಗೆ ಹೊರಟಾಗ ಆ ಅಕ್ಷರಗಳನ್ನು ತಾನಾಗಿಯೇ ಜೇಬಿಗೆ ಹಾಕಿಕೊಂಡು ಹೋದನೆಂದು ಇಟಾರ್ ಬರೆದಿದ್ದಾರೆ. ಆದರೆ ಮಾತು ಬರಲಿಲ್ಲ. 1806ರಲ್ಲಿ ಎರಡನೆಯ ವರದಿಯನ್ನು ಬರೆದು, ನಿರಾಶರಾಗಿ, ಇಟಾರ್ ಪಾಠವನ್ನು ನಿಲ್ಲಿಸಿದರು.

ಪಾಠ ನಿಂತಿತು, ಆದರೆ ಹುಡುಗನ ಬದುಕು ನಿಲ್ಲಲಿಲ್ಲವಷ್ಟೆ. ಅವನಿಗೆ ಉಣಿಸಿ, ಉಡಿಸಿ, ಜೊತೆಯಲ್ಲಿ ಅಡ್ಡಾಡಿಸುತ್ತಿದ್ದವರು ಮದಾಮ್ ಗೆರ್ಯಾಂ ಎಂಬ ಹೆಂಗಸು. ಅವರು ವಿದ್ವಾಂಸರಲ್ಲ, ಮನೆವಾರ್ತೆ ನೋಡಿಕೊಳ್ಳಲು ನೇಮಕಗೊಂಡವರು. 1828ರಲ್ಲಿ ವಿಕ್ಟರ್ ತೀರಿಕೊಳ್ಳುವವರೆಗೂ ಅವನು ಅವರ ಆಶ್ರಯದಲ್ಲೇ ಇದ್ದನು. ವಿಕ್ಟರನಿಗೆ ಇದ್ದದ್ದು ಆಟಿಸಂ ಎಂದು ಈಚಿನ ಕೆಲವು ವಿದ್ವಾಂಸರು ಊಹಿಸುತ್ತಾರೆ, ಕೆಲವರು ಒಪ್ಪುವುದಿಲ್ಲ. ಅದು ಹೇಗೇ ಇರಲಿ, ವಾಚಕರು ಈ ಹೆಂಗಸನ್ನು ಮಾತ್ರ ನೆನಪಿನಲ್ಲಿಡಬೇಕು. ಇಂಥ ಮಕ್ಕಳ ದಿನವನ್ನು ನಡೆಸುವವರು ಗುರುಗಳೊಬ್ಬರೇ ಅಲ್ಲ. ಅನ್ನ ಬಡಿಸುವವರು, ಕೈಹಿಡಿದು ನಡೆಸುವವರು ಕೂಡ ಎಂಬುದಕ್ಕೆ ಅವರೇ ಮೊದಲ ಸಾಕ್ಷಿ.

ಇಟಾರರ ಶ್ರಮ ವ್ಯರ್ಥವಾಗಲಿಲ್ಲ. ಅವರ ಶಿಷ್ಯ ಸೆಗ್ಯಾಂ, ಮಂದಬುದ್ಧಿಯವರೆಂದು ಅಂದು ಕರೆಯಲ್ಪಡುತ್ತಿದ್ದ ಮಕ್ಕಳಿಗೆ ಶಾಲೆ ನಡೆಸಿ ಪದ್ಧತಿಯೊಂದನ್ನು ಬೆಳೆಸಿದರು. ಇವರಿಬ್ಬರ ಗ್ರಂಥಗಳನ್ನು ತನ್ನ ಕೈಯಾರೆ ಇಟಲಿಯ ಭಾಷೆಗೆ ಬರೆದುಕೊಂಡು ಓದಿದವರು ಮರಿಯಾ ಮಾಂಟೆಸರಿ. 1900ರಲ್ಲಿ ರೋಮ್ ನಗರದಲ್ಲಿ, ಇಂಥ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ಶಾಲೆಯೊಂದು ತೆರೆಯಿತು. ಅದನ್ನು ನಡೆಸಿದ ಇಬ್ಬರಲ್ಲಿ ಅವರೊಬ್ಬರು. ಮಕ್ಕಳ ಶಾಲೆಯಷ್ಟೇ ಅಲ್ಲ, ಶಿಕ್ಷಕರ ಶಾಲೆಯೂ ಬೇಕು ಎಂಬ ಅರಿವು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವರೇ 1939ರಲ್ಲಿ ಮದರಾಸಿನ ಅಡಿಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತಿ ನೀಡಿದರು. ಈ ಹೆಸರನ್ನು ನಾವು ಮತ್ತೊಮ್ಮೆ ಎದುರುಗೊಳ್ಳಲಿದ್ದೇವೆ.

ಇಷ್ಟರವರೆಗೆ ಆಟಿಸಂ ಎಂಬ ಹೆಸರು ಈ ಮಕ್ಕಳಿಗೆ ಬಂದಿರಲಿಲ್ಲ. ಗ್ರೀಕ್ ಭಾಷೆಯ 'ಆಟೋಸ್', ಎಂದರೆ 'ತಾನು' ಎಂಬ ಮಾತಿನಿಂದ ಹುಟ್ಟಿದ ಈ ಪದವನ್ನು ಮೊದಲು ಬಳಸಿದ್ದು ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್, ಬೇರೊಂದು ಮನೋರೋಗದ ಸಂದರ್ಭದಲ್ಲಿ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಎಂಟು ಹುಡುಗರು, ಮೂವರು ಹುಡುಗಿಯರು, ಒಟ್ಟು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಇದು ಬೇರೆಯದೇ ಒಂದು ಸ್ಥಿತಿಯೆಂದು ತೋರಿಸಿದರು. ನಮ್ಮಲ್ಲಿ ಇದನ್ನು 'ಸ್ವಲೀನತೆ' ಎಂದು ಅನುವಾದಿಸಿದ್ದಾರೆ. ಪದ ಸೊಗಸಾಗಿದೆ, ಆದರೆ ಮಗು ಬೇಕೆಂದೇ ತನ್ನಲ್ಲಿ ಮುಳುಗಿ ಕುಳಿತಿದೆಯೆಂಬ ಅರ್ಥವನ್ನು ಅದು ಹುಟ್ಟಿಸುತ್ತದೆ. ವಸ್ತುಸ್ಥಿತಿ ಹಾಗಲ್ಲ. ಇದು ಹುಟ್ಟಿನಿಂದ ಬಂದ ಮಿದುಳಿನ ಬೆಳವಣಿಗೆಯ ಬೇರೆ ಬಗೆ. ಶಬ್ದ, ಬೆಳಕು, ಮಾತು, ಮುಖಭಾವ ಇವೆಲ್ಲ ಆ ಮಗುವನ್ನು ಬೇರೆ ರೀತಿಯಲ್ಲಿ ತಲುಪುತ್ತವೆ.

ಕ್ಯಾನರ್ ಗುರುತಿಸಿದ ಸಂಗತಿಗಳಲ್ಲಿ ವ್ಯಾಕರಣದ ವಿದ್ಯಾರ್ಥಿಗೆ ಕೂಡಲೇ ತಟ್ಟುವುದು ಒಂದುಂಟು. ಈ ಮಕ್ಕಳಲ್ಲಿ ಹಲವರು ಉತ್ತಮ ಪುರುಷಕ್ಕೆ ಬದಲಾಗಿ ಮಧ್ಯಮ ಪುರುಷವನ್ನು ಬಳಸುತ್ತಿದ್ದರು. ತಾಯಿ 'ನಿನಗೆ ಹಾಲು ಬೇಕೇ?' ಎಂದು ಕೇಳಿ ಹಾಲು ಕೊಟ್ಟಿದ್ದಾಳೆ. ಮುಂದೆ ಹಾಲು ಬೇಕಾದಾಗ ಮಗು 'ನನಗೆ ಹಾಲು ಬೇಕು' ಎನ್ನದೆ 'ನಿನಗೆ ಹಾಲು ಬೇಕೇ?' ಎಂದೇ ಹೇಳುತ್ತದೆ. ಕೇಳಿದ ಮಾತನ್ನು ಕೇಳಿದಂತೆಯೇ ಇಡಿಯಾಗಿ ಹಿಡಿದು, ಅಗತ್ಯ ಬಿದ್ದಾಗ ಇಡಿಯಾಗಿ ಹೊರತೆಗೆಯುವ ಕ್ರಮ ಅದು. ಅದು ಅಣಕವಲ್ಲ, ಆ ಮಗುವಿನ ಮಾತೇ ಅದು. ಇದನ್ನು ಓದಿದ ದಿನ ನನ್ನ ತರಗತಿಯ ಬಾಗಿಲಾಚೆ ನಿಂತಿದ್ದ ಹುಡುಗ ಕಣ್ಣಮುಂದೆ ಬಂದನು.

ಕ್ಯಾನರರ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಅವನನ್ನು ಕೆಲವು ವರ್ಷ ಊರಿನಿಂದ ಸುಮಾರು ಹತ್ತು ಮೈಲಿ ದೂರದ ಬೇಸಾಯಗಾರ ದಂಪತಿಗಳ ಬಳಿ ಬಿಟ್ಟಿದ್ದರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಹುಡುಗನಿಗೆ ಅಳೆಯುವ ಗೀಳಿತ್ತು. ದಂಪತಿಗಳು ಅವನಿಂದ ಬಾವಿ ತೋಡಿಸಿ, ಎಷ್ಟು ಆಳವಾಯಿತೆಂದು ಅಳೆದು ಹೇಳುವ ಕೆಲಸ ಕೊಟ್ಟರು. ಮುಸುಕಿನ ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದನು. ನೇಗಿಲು ಕೈಗೆ ಕೊಟ್ಟು, ಉಳುತ್ತ ಎಣಿಸು ಎಂದರು. ಗೀಳನ್ನು ಬಿಡಿಸಲು ಅವರು ಹೆಣಗಲಿಲ್ಲ, ಅದಕ್ಕೆ ಕೆಲಸ ಹಚ್ಚಿದರು. ಹಳ್ಳಿಯ ಶಾಲೆಯೂ ಅವನ ವಿಚಿತ್ರಗಳನ್ನು ಒಪ್ಪಿಕೊಂಡು ನಡೆಸಿಕೊಂಡಿತು. ಡೊನಾಲ್ಡ್ 1958ರಲ್ಲಿ ಕಾಲೇಜಿನ ಪದವಿ ಪಡೆದು, ಬ್ಯಾಂಕಿನಲ್ಲಿ ಕೆಲಸಮಾಡಿ, ಬಹಳ ದೇಶಗಳನ್ನು ಸುತ್ತಿ, 2023ರಲ್ಲಿ ತೀರಿಕೊಂಡರು. ಯಾವ ತರಬೇತಿ ಕಾಲೇಜಿನ ಪ್ರಮಾಣಪತ್ರವೂ ಇಲ್ಲದ ಆ ದಂಪತಿಗಳು ಮಾಡಿದ್ದನ್ನೇ, ಮುಂದೆ ವಿಶ್ವವಿದ್ಯಾಲಯಗಳು ಶಾಸ್ತ್ರವಾಗಿ ಕಲಿಸಬೇಕಾಯಿತು.

ಆದರೆ ನಡುವೆ ಒಂದು ಕತ್ತಲೆಯ ಕಾಲ ಕಳೆಯಬೇಕಾಗಿತ್ತು. ಮಗು ಹೀಗಾಗಲು ತಾಯಿಯ ಮಮತೆ ತಣ್ಣಗಿದ್ದದ್ದೇ ಕಾರಣವೆಂಬ ವಾದ ಹುಟ್ಟಿತು. ಅದಕ್ಕೆ ಇಂಬುಕೊಡುವ ಮಾತುಗಳನ್ನು ಕ್ಯಾನರರೇ ಆಡಿದ್ದುಂಟು. ಷಿಕಾಗೊ ನಗರದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ಈ ವಾದವನ್ನು ಎತ್ತಿಹಿಡಿದರು. ಅವರ ಸಂಸ್ಥೆಯಲ್ಲಿ ಮಕ್ಕಳನ್ನು ತಂದೆತಾಯಿಗಳಿಂದ ದೂರವಿಟ್ಟೇ ಸಾಕುತ್ತಿದ್ದರು. ತಪ್ಪು ತಾಯಿಯದೆಂದು ತೀರ್ಪಾದ ಮೇಲೆ ಶಿಕ್ಷಕನಿಗೆ ಕಲಿಯಬೇಕಾದದ್ದೇನು ಉಳಿಯಿತು? ಎಷ್ಟೋ ತಾಯಂದಿರು ಮಗುವಿನ ಕಷ್ಟದ ಮೇಲೆ ಲೋಕದ ನಿಂದೆಯನ್ನೂ ಹೊತ್ತರು. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಗ್ರಂಥವೊಂದನ್ನು ಬರೆದು, ಇದರ ಮೂಲ ದೇಹದಲ್ಲಿದೆ, ತಾಯಿಯ ನಡತೆಯಲ್ಲಲ್ಲ ಎಂದು ವಾದಿಸಿದರು. ಕೊನೆಗೆ 1969ರಲ್ಲಿ ಕ್ಯಾನರರೇ ತಂದೆತಾಯಿಗಳ ಸಭೆಯೊಂದರಲ್ಲಿ ನಿಂತು, ನೀವು ನಿರ್ದೋಷಿಗಳು ಎಂದು ಘೋಷಿಸಿದರು.

ಈ ವಾದವಿವಾದ ನಡೆದಿರುವಾಗಲೇ ಲಂಡನ್ನಿನಲ್ಲಿ ಕೆಲಸ ಮೊದಲಾಗಿತ್ತು. ಸಿಬಿಲ್ ಎಲ್ಗರ್ ಎಂಬ ಮಹಿಳೆ ಅಂಚೆಯ ಮೂಲಕ ಮಾಂಟೆಸರಿ ಶಿಕ್ಷಣ ಪಡೆದವರು. ಆಸ್ಪತ್ರೆಯಲ್ಲಿ ಇಂಥ ಮಕ್ಕಳ ಪಾಡನ್ನು ಕಂಡು ಮನನೊಂದು, ತಮ್ಮ ಮನೆಯಲ್ಲೇ ಕೆಲವರಿಗೆ ಪಾಠ ಆರಂಭಿಸಿದರು. 1962ರಲ್ಲಿ ತಂದೆತಾಯಿಗಳು ಕೂಡಿ ಕಟ್ಟಿದ ಸಂಘವು 1965ರಲ್ಲಿ ಈಲಿಂಗ್ ಬಡಾವಣೆಯಲ್ಲಿ ಶಾಲೆ ತೆರೆದು ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿತು. ಕಡಮೆ ಮಾತು, ಕಣ್ಣಿಗೆ ಕಾಣುವ ಕ್ರಮ, ಬೇಸರವಿಲ್ಲದ ಪುನರಾವೃತ್ತಿ, ಇವು ಅವರ ಪಾಠದ ಗುಟ್ಟು. ಪ್ಯಾರಿಸ್ಸಿನ ಇಟಾರರಿಂದ ಹೊರಟ ಎಳೆ, ರೋಮ್ ನಗರವನ್ನು ಹಾದು, ಹೀಗೆ ಲಂಡನ್ನಿನ ಒಂದು ಮನೆಯನ್ನು ಮುಟ್ಟಿತು.

ಕಲಿಸುವವರ ತರಬೇತಿಯನ್ನು ಒಂದು ರಾಜ್ಯದ ಹೊಣೆಯೆಂದು ಮೊದಲು ಒಪ್ಪಿಸಿದವರು ಎರಿಕ್ ಶಾಪ್ಲರ್. 1927ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರು ಬಾಲ್ಯದಲ್ಲೇ, 1938ರಲ್ಲಿ, ನಾಟ್ಸಿಗಳ ಕಾಟದಿಂದ ಪಾರಾಗಿ ಅಮೆರಿಕ ಸೇರಿದ ಯಹೂದಿ ಕುಟುಂಬದವರು. ಓದಿದ್ದು ಬೆಟಲ್‌ಹೈಮರ ಷಿಕಾಗೊ ವಿಶ್ವವಿದ್ಯಾಲಯದಲ್ಲೇ; ಆದರೆ ಅವರ ವಾದ ಇವರಿಗೆ ಹಿಡಿಸಲಿಲ್ಲ. ಉತ್ತರ ಕೆರೊಲೈನಾ ರಾಜ್ಯದ ಚಾಪೆಲ್ ಹಿಲ್ ಎಂಬಲ್ಲಿ ಶಾಪ್ಲರ್, ರಾಬರ್ಟ್ ರೈಕ್ಲರ್ ಎಂಬ ವೈದ್ಯರೊಡಗೂಡಿ 1966ರಿಂದ ಒಂದು ಪ್ರಯೋಗ ನಡೆಸಿದರು. ತಂದೆತಾಯಿಗಳನ್ನು ದೂರವಿಡುವ ಬದಲು ಅವರನ್ನೇ ಜೊತೆ ಶಿಕ್ಷಕರನ್ನಾಗಿ ಮಾಡಿದರು. ಒಂದೇ ಕಡೆಯಿಂದ ಕಾಣುವ ಗಾಜಿನ ಹಿಂದೆ ತಾಯಿ ಕುಳಿತು, ಪರಿಣತರು ತನ್ನ ಮಗುವಿಗೆ ಹೇಗೆ ಕಲಿಸುವರೆಂದು ನೋಡುವಳು. ಮತ್ತೊಂದು ದಿನ ತಾಯಿ ಕಲಿಸುವಳು, ಪರಿಣತರು ಗಾಜಿನ ಹಿಂದೆ ಕುಳಿತು ಕಲಿಯುವರು. ಗುರು ಯಾರು, ಶಿಷ್ಯ ಯಾರು ಎಂಬ ಗೆರೆ ಅಲ್ಲಿ ಅಳಿಸಿಹೋಯಿತು. ಗೊತ್ತುಗುರಿಯಿಲ್ಲದ ಪಾಠಕ್ಕಿಂತ ಕ್ರಮಬದ್ಧವಾದ ಪಾಠದಲ್ಲಿ ಮಕ್ಕಳು ಹೆಚ್ಚು ಗೆಲುವಾಗಿ ತೊಡಗುತ್ತಾರೆಂದು 1971ರಲ್ಲಿ ತೋರಿಸಿದರು. 1972ರಲ್ಲಿ ಆ ರಾಜ್ಯದ ಶಾಸನಸಭೆಯು 'ಟೀಚ್' ಎಂಬ ವಿಭಾಗವನ್ನು ಸ್ಥಾಪಿಸಿತು. ಇಡೀ ರಾಜ್ಯಕ್ಕೆಂದು ಇಂಥ ವ್ಯವಸ್ಥೆ ಆದದ್ದು ಅಮೆರಿಕದಲ್ಲಿ ಅದೇ ಮೊದಲು.

ಅಲ್ಲಿಗೆ ಕಲಿಯಲು ಬಂದ ಶಿಕ್ಷಕರು ಭಾಷಣ ಕೇಳಿ ಹಿಂದಿರುಗುತ್ತಿರಲಿಲ್ಲ. ನಿಜವಾದ ಮಕ್ಕಳೊಡನೆ, ನಿಜವಾದ ತರಗತಿಯಲ್ಲಿ, ಅನುಭವಿಗಳ ಕಣ್ಣೆದುರಿನಲ್ಲಿ ದಿನಗಟ್ಟಲೆ ಕೈಕೆಲಸ ಮಾಡುತ್ತಿದ್ದರು. ಕಲಿಯುತ್ತಿದ್ದುದೇನು ಎಂದು ಕೇಳುವಿರಿ. ಬಹು ಸರಳವಾದ ಸಂಗತಿಗಳು. ಎದುರಿಗೆ ಕುಳಿತ ಮಗುವಿಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಣ್ಣಿಗೆ ಕಾಣಬೇಕು: ಯಾವ ಕೆಲಸ? ಎಷ್ಟು ಕೆಲಸ? ಮುಗಿಯಿತೆಂದು ಗೊತ್ತಾಗುವುದು ಹೇಗೆ? ಆಮೇಲೆ ಏನು? ಮಾಡಬೇಕಾದದ್ದು ಎಡಗಡೆಯ ಬುಟ್ಟಿಯಲ್ಲಿ, ಮುಗಿಸಿದ್ದು ಬಲಗಡೆಯ ಬುಟ್ಟಿಯಲ್ಲಿ. ದಿನದ ಕಾರ್ಯಕ್ರಮ ಚಿತ್ರಗಳಾಗಿ ಗೋಡೆಯ ಮೇಲೆ. ಬಾಯಿಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಚಿತ್ರ ಕಾದು ನಿಲ್ಲುತ್ತದೆ. ಒಂದು ಸಲಕ್ಕೆ ಒಂದೇ ಸೂಚನೆ. ಹೇಳಿದ ಮೇಲೆ ಮತ್ತೆ ಹೇಳದೆ ಕಾಯುವುದು. ಮಗು ಕಿರುಚಿಕೊಂಡರೆ ಗದರುವುದಕ್ಕೆ ಮೊದಲು, ಅದಕ್ಕಿಂತ ಹಿಂದಿನ ನಿಮಿಷದಲ್ಲಿ ಏನು ನಡೆಯಿತೆಂದು ಹುಡುಕುವುದು. ಗಂಟೆಯ ಸದ್ದೋ, ಕೊಳವೆದೀಪದ ಮಿಣುಕೋ, ಹೇಳದೆ ಬದಲಾಯಿಸಿದ ಪಾಠದ ವೇಳೆಯೋ ಕಾರಣವಿದ್ದೀತು. ಕಣ್ಣಲ್ಲಿ ಕಣ್ಣಿಟ್ಟು ನೋಡದ ಮಗು ಕಿವಿಗೊಟ್ಟಿರಬಹುದು ಎಂಬುದನ್ನು ನಂಬುವುದು.

ತರಬೇತಿ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೆಂದಲ್ಲ. 1960ರ ದಶಕದಲ್ಲಿ ಲಾಸ್ ಏಂಜಲೀಸ್ ವಿಶ್ವವಿದ್ಯಾಲಯದ ಐವಾರ್ ಲೋವಾಸ್, ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಬಹುಮಾನ ಕೊಟ್ಟು ಕಲಿಸುವುದನ್ನು ತಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಅದರಲ್ಲಿ ಸತ್ತ್ವವಿತ್ತು. ಆದರೆ ಆಗ ಬಹುಮಾನದ ಜೊತೆಗೆ ಕೆನ್ನೆಯೇಟೂ ಇತ್ತು, ವಿದ್ಯುತ್ತಿನ ಆಘಾತವೂ ಇತ್ತು. ಮಗುವನ್ನು ಇತರರಂತೆ ಕಾಣುವ ಹಾಗೆ ಮಾಡುವುದೇ ಗುರಿಯಾದರೆ ಗುರುವಿನ ಕೈ ಎಲ್ಲಿಗೆ ಹೋದೀತೆಂಬುದಕ್ಕೆ ಇದು ಎಚ್ಚರಿಕೆ. ಈ ಕೊರತೆಯನ್ನು ತುಂಬಿದವರು ಆಟಿಸಂ ಇದ್ದು ದೊಡ್ಡವರಾದವರೇ. ಟೆಂಪಲ್ ಗ್ರ್ಯಾಂಡಿನ್ ಎಂಬ ಮಹಿಳೆ 1986ರಲ್ಲಿ ತಮ್ಮ ಬಾಳಿನ ಕಥೆಯನ್ನು ಪ್ರಕಟಿಸಿದರು. ದನಗಳನ್ನು ಹಿಡಿದು ನಿಲ್ಲಿಸುವ ಕಟಾಂಜನದ ಮೇಲೆ ತಮಗಿದ್ದ ಗೀಳನ್ನು ನಗೆಯಾಡದೆ, ಅದನ್ನೇ ವಿಜ್ಞಾನದ ಓದಿಗೆ ತಿರುಗಿಸಿದ ಶಾಲಾ ಉಪಾಧ್ಯಾಯರನ್ನು ಅವರು ಕೃತಜ್ಞತೆಯಿಂದ ನೆನೆಯುತ್ತಾರೆ. ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ಮಿಸಿಸಿಪಿಯ ಜೋಳದ ಹೊಲ ಇಲ್ಲಿ ಮತ್ತೆ ನೆನಪಾಗುತ್ತದೆಯಲ್ಲವೇ?

ಇನ್ನು ನಮ್ಮ ದೇಶದ ಮಾತು. ಇಲ್ಲಿಯೂ ಕೆಲಸ ಮೊದಲಾದದ್ದು ಒಬ್ಬ ತಾಯಿಯಿಂದ. ಮೆರಿ ಬರುವಾ ಅವರು 1991ರಲ್ಲಿ ದೆಹಲಿಯಲ್ಲಿ 'ಆ್ಯಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು ಕಟ್ಟಿದರು. ಶಾಲೆಯೊಂದಿಗೆ ಶಿಕ್ಷಕರ ತರಬೇತಿಯೂ ಬೆಳೆಯಿತು. 1992ರ ಕಾನೂನಿನಿಂದ ಭಾರತೀಯ ಪುನರ್ವಸತಿ ಪರಿಷತ್ತಿಗೆ ವಿಶೇಷ ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ಅಧಿಕಾರ ಬಂದಿತು. 1995ರಲ್ಲಿ ಬೆಂಗಳೂರಿನಲ್ಲಿ 'ಆಶಾ' ಸಂಸ್ಥೆ ಇಂಥ ಮಕ್ಕಳಿಗಾಗಿ ತೆರೆಯಿತು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರು ಸೇರಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅದನ್ನು ತನ್ನ ಪಟ್ಟಿಯಲ್ಲಿ ಇಟ್ಟಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿಶೇಷ ಅಗತ್ಯವಿರುವ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತು ಮಂದಿಗೆ ಒಬ್ಬರು, ಅದರ ಮೇಲಿನ ಹಂತಗಳಲ್ಲಿ ಹದಿನೈದು ಮಂದಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಗೊತ್ತುಮಾಡಿತು.

ನಮಗೆ ಹತ್ತಿರದ ಇನ್ನೊಂದು ಉದಾಹರಣೆ ಗೋವೆಯದು. ಅಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ಒಟ್ಟಿಗೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2016ರಲ್ಲಿ ಅಚ್ಚಾಯಿತು. 65 ಮಕ್ಕಳ ತಂದೆತಾಯಿಗಳಿಗೆ ಸಂಬಂಧಿಸಿದ್ದು ಅದು. ಮನೆಗೆ ಹೋಗಿ ಹೇಳಿಕೊಟ್ಟವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಗುವನ್ನು ತಮ್ಮ ದಾರಿಗೆ ಎಳೆಯದೆ, ಅದರ ಗಮನ ಇರುವ ಕಡೆಗೆ ತಾವು ಹೋಗಿ ಮಾತಾಡಿಸುವುದನ್ನು ಅವರು ತಂದೆತಾಯಿಗಳಿಗೆ ತೋರಿಸಿದರು. ಹಾಗೆ ಮಾಡಿದಲ್ಲಿ ತಂದೆತಾಯಿಗಳ ಸ್ಪಂದನ ಸುಧಾರಿಸಿತು. ಮಕ್ಕಳೂ ತಾವಾಗಿ ಹೆಚ್ಚು ಮಾತುಕತೆಗೆ ತೊಡಗಿದರು. ಮದಾಮ್ ಗೆರ್ಯಾಂ ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು.

ಕಾನೂನು ಇದೆ, ಪ್ರಮಾಣವಿದೆ, ಕ್ರಮವೂ ಗೊತ್ತಿದೆ. ಕೊರತೆ ಎಲ್ಲಿದೆ? ಶಿಕ್ಷಕರಾದ ನಾವು ಬಲ್ಲೆವು. ಒಂದು ದಿನದ ಶಿಬಿರ. ಬೆಳಗ್ಗೆ ಉದ್ಘಾಟನೆ, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ ಮತ್ತು ಭಾವಚಿತ್ರ. ಮರುದಿನ ಅದೇ ತರಗತಿ, ಅದೇ ಗದ್ದಲ, ಅದೇ ನಾವು. ಚಾಪೆಲ್ ಹಿಲ್ ಕಲಿಸಿದ ಪಾಠ ಬೇರೆ. ಹೇಳಿಕೊಡುವವರು ತರಗತಿಯೊಳಕ್ಕೆ ಬರಬೇಕು. ಬಂದು ನೋಡಿ, ತಿದ್ದಿ, ತಿಂಗಳು ಕಳೆದು ಮತ್ತೆ ಬರಬೇಕು. ಆ ಕಲಿಕೆ ಶಿಕ್ಷಕರಿಗಷ್ಟೇ ಅಲ್ಲ, ಬಿಸಿಯೂಟ ಬಡಿಸುವವರಿಗೆ, ಶಾಲೆಯ ವಾಹನ ನಡೆಸುವವರಿಗೆ, ಗಂಟೆ ಹೊಡೆಯುವವರಿಗೂ ಬೇಕು. ಏಕೆಂದರೆ ಮಗುವಿನ ದಿನ ಕೆಟ್ಟುಹೋಗುವುದು ಹಲವು ಬಾರಿ ಅಲ್ಲಿಯೇ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ನಾವು ಯಾವಾಗಲೂ ಮಕ್ಕಳಿಗೆ ಅನ್ವಯಿಸುತ್ತೇವೆ. ಈ ಇತಿಹಾಸವನ್ನು ಓದಿದ ಮೇಲೆ ನನಗೆ ಅದು ನಮ್ಮನ್ನೇ ಕುರಿತು ಕೇಳಿದ ಪ್ರಶ್ನೆಯಂತೆ ತೋರುತ್ತದೆ. ಐವತ್ತು ದಾಟಿದ ಮೇಲೆ ನಾನೂ ಒಂದಿಷ್ಟು ಬಗ್ಗಿದ್ದೇನೆ. ಈಗ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಪಾಠದ ವೇಳೆ ಬದಲಾದರೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂರುತ್ತಿದ್ದಳು. ಅಂದಂದಿನ ಪಾಠಗಳ ಪಟ್ಟಿಯನ್ನು ಹಲಗೆಯ ಮೂಲೆಯಲ್ಲಿ ಬರೆದಿಡುತ್ತೇನೆ. ಮುಗಿದ ಪಾಠಕ್ಕೆ ಅವಳೇ ಎದ್ದು ಬಂದು ಗೀಟು ಎಳೆಯುತ್ತಾಳೆ. ಇದಕ್ಕೆ ತಗಲುವ ಖರ್ಚು ಒಂದು ಚೂರು ಸೀಮೆಸುಣ್ಣ. ಇಡೀ ತರಗತಿಗೆ ಅದರಿಂದ ಅನುಕೂಲವೇ ಆಗಿದೆ.

ಆ ಮೊದಲಿನ ಹುಡುಗನಿಗೆ ಇಷ್ಟನ್ನು ನಾನು ಮಾಡಲಿಲ್ಲ. ಅವನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, 'ನಿನ್ನ ಹೆಸರೇನು?' ಎಂದು ಕೇಳಿ, ಚೀಟಿಯನ್ನು ಅವನ ಮುಂದಿಟ್ಟು ಕಾಯಬಹುದಿತ್ತು. ಪ್ರಸ್ತಾರ ಹಾಕಬಲ್ಲವನಿಗೆ ಓದು ಬರುತ್ತಿತ್ತು; ಉತ್ತರವೂ ಬರುತ್ತಿತ್ತೆಂದು ನನ್ನ ನಂಬಿಕೆ. ಈಗ ಅವನು ನಡುವಯಸ್ಸಿನವನು, ಎಲ್ಲಿದ್ದಾನೋ ತಿಳಿಯದು.

ವಾಚಕರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗುವಿದ್ದರೆ, ಶಾಲೆಗೆ ಹೋದಾಗ ಮಗು ಹೇಗೆ ಕಲಿಯುತ್ತಿದೆಯೆಂದು ಕೇಳುವಿರಿ, ಕೇಳಬೇಕಾದದ್ದೇ. ಅದರೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ವಿನಯದಿಂದ ಕೇಳಿ: ಈ ಮಗುವಿಗೆ ಕಲಿಸುವುದನ್ನು ನಿಮಗೆ ಯಾರು ಕಲಿಸಿದರು, ಅವರು ಮತ್ತೆ ಯಾವಾಗ ಬರುತ್ತಾರೆ? ಉತ್ತರ ಸಿಗದಿದ್ದರೆ ಉಪಾಧ್ಯಾಯರ ಮೇಲೆ ಕೋಪಿಸಿಕೊಳ್ಳಬೇಡಿ. ಅವರ ಪರವಾಗಿ, ಅವರ ಜೊತೆಯಲ್ಲಿ ನಿಂತು, ಮೇಲಿನವರನ್ನು ಅದೇ ಪ್ರಶ್ನೆ ಕೇಳಿ.